ನೆಲದೊಳಗಿಂದ ಪೆಟ್ರೋಲ್ ಆವಿ ಎಷ್ಟು ಹೊರಬಂತು? ಗಾಳಿಯ ಹರಿವು ಮತ್ತು ಹೈಡ್ರೋಕಾರ್ಬನ್ ಅಳೆಯುವ ಸಮಗ್ರ ಮಾರ್ಗದರ್ಶಿ

ದಾವಣಗೆರೆ ಹೊರವಲಯದಲ್ಲಿ, ಹೈವೇ ಪಕ್ಕದ ಒಂದು ಪೆಟ್ರೋಲ್ ಬಂಕ್. ನೆಲದಡಿಯ ಪೈಪಿನ ಜಾಯಿಂಟ್ ಸೋರಿ ಪೆಟ್ರೋಲ್ ಮಣ್ಣಿಗೆ ಇಳಿದಿತ್ತು. ಹಿಂದಿನ ಮನೆಯ ಬೋರ್‌ವೆಲ್ ನೀರು ವಾಸನೆ ಬಂದಾಗಲೇ ವಿಷಯ ಗೊತ್ತಾಗಿದ್ದು. ಬಾವಿ ಕೊರೆದು, ಬ್ಲೋವರ್ ಕೂರಿಸಿ, ಮಣ್ಣಿನೊಳಗಿನ ಆವಿ ಎಳೆಯಲು ಶುರು ಮಾಡಿದ ಎರಡನೇ ದಿನವೇ ಬಂಕ್ ಮಾಲೀಕರು ಬಂದು ಕೇಳಿದರು: "ದಿನಕ್ಕೆ ಎಷ್ಟು ಪೆಟ್ರೋಲ್ ಬರ್ತೈತ್ರಿ ಸಾರ್?" ಸ್ವಲ್ಪ ಹೊತ್ತಿಗೆ ಕಾಂಪೌಂಡ್ ಆಚೆಯಿಂದ ಆ ಮನೆಯ ಅಮ್ಮ ಕೇಳಿದರು: "ನೀರು ಯಾವಾಗ ಕುಡೀಬೋದಪ್ಪಾ?"

ಎರಡನೇ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲನೆಯದಕ್ಕೆ ಸರಿಯಾದ ಲೆಕ್ಕ ಇರಬೇಕು. ಆ ಲೆಕ್ಕ ನೋಡೋಕೆ ತುಂಬಾ ಸುಲಭ. ಗಂಟೆಗೆ ಎಷ್ಟು ಗಾಳಿ ಬರುತ್ತಿದೆ, ಆ ಗಾಳಿಯಲ್ಲಿ ಎಷ್ಟು ಹೈಡ್ರೋಕಾರ್ಬನ್ (ಅಂದರೆ ಪೆಟ್ರೋಲಿನ ಅಂಶ) ಇದೆ, ಎರಡನ್ನೂ ಗುಣಿಸಿದರೆ ಆಯಿತು. ಆದರೆ ಈ ಎರಡು ಸಂಖ್ಯೆಗಳು ಒಂದೇ ಗಾಳಿಯದ್ದಾಗಿರಬೇಕು, ಒಂದೇ ಹೊತ್ತಿನದ್ದಾಗಿರಬೇಕು, ಒಂದೇ ಒತ್ತಡಕ್ಕೆ ತಂದಿಟ್ಟಿರಬೇಕು. ನಾನು ನೋಡಿದ ತಪ್ಪು ವರದಿಗಳಲ್ಲಿ ಹೆಚ್ಚಿನವು ಹಾಳಾಗಿದ್ದು ಇಲ್ಲೇ. ಮೀಟರು ಕೆಟ್ಟಿರಲಿಲ್ಲ, ಲ್ಯಾಬೂ ತಪ್ಪು ಮಾಡಿರಲಿಲ್ಲ. ಗಾಳಿ ಒಂದು ಕಡೆಯದ್ದು, ಸ್ಯಾಂಪಲ್ ಇನ್ನೊಂದು ಕಡೆಯದ್ದು ಆಗಿತ್ತು.

ಅಳೆಯುವ ಮುಂಚೆ ಮಣ್ಣು ನೋಡಿ

ಸಾಯಿಲ್ ವೇಪರ್ ಎಕ್ಸ್‌ಟ್ರಾಕ್ಷನ್, ಚಿಕ್ಕದಾಗಿ ಎಸ್‌ವಿಇ ಅಂದರೆ, ಅಂತರ್ಜಲಕ್ಕಿಂತ ಮೇಲಿರುವ ಮಣ್ಣಿನಿಂದ ಗಾಳಿ ಎಳೆಯುವುದು. ಮಣ್ಣಿನ ಕಣಗಳ ನಡುವೆ ಕೂತ ಪೆಟ್ರೋಲ್ ಆವಿಯಾಗಿ ಆ ಗಾಳಿಯ ಜೊತೆ ಹೊರಬರುತ್ತದೆ. ಪೆಟ್ರೋಲಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಡೀಸೆಲ್ ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಅದಕ್ಕೆ ನಿಧಾನಕ್ಕೆ ಗಾಳಿ ಕೊಟ್ಟು ಮಣ್ಣಿನ ಸೂಕ್ಷ್ಮಜೀವಿಗಳು ತಿನ್ನಲಿ ಅಂತ ಬಿಡುವುದೇ ಮೇಲು.

ನಮ್ಮ ಕಡೆ ಎರಡು ಬಗೆಯ ನೆಲ. ದಾವಣಗೆರೆ ಸುತ್ತ ಎರೆ ಭೂಮಿ ಜಾಸ್ತಿ. ಚಿತ್ರದುರ್ಗದ ಕಡೆ ಹೋದಂತೆ ಕೆಂಪು ಮಣ್ಣು, ಗರಸು, ಅದರ ಕೆಳಗೆ ಬಂಡೆ. ಗರಸಿನಲ್ಲಿ ಗಾಳಿ ಸಲೀಸಾಗಿ ಓಡಾಡುತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಗಾಳಿಗೆ ದಾರಿಯೇ ಬಿಡುವುದಿಲ್ಲ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಆಗ ಮೇಲಿನ ಗಾಳಿ ಬಿರುಕಿನಲ್ಲಿ ನೇರ ಇಳಿದು ಬಾವಿ ಸೇರುತ್ತದೆ. ಮೀಟರಿನಲ್ಲಿ ಹರಿವು ಭರ್ಜರಿಯಾಗಿ ಕಾಣುತ್ತದೆ, ಆದರೆ ಆ ಗಾಳಿ ಪೆಟ್ರೋಲ್ ಇರುವ ಮಣ್ಣನ್ನು ಮುಟ್ಟಿರುವುದೇ ಇಲ್ಲ. ಹರಿವು ಏರಿ ಗಾಳಿಯಲ್ಲಿನ ಆವಿಯ ಪ್ರಮಾಣ ಇಳಿದರೆ ಮಣ್ಣು ಸ್ವಚ್ಛವಾಯಿತು ಅಂತ ಖುಷಿ ಪಡಬೇಡಿ. ಮೊದಲು ನೆಲದ ಮೇಲೆ ಒಂದು ಸುತ್ತು ನಡೆದು ಬಿರುಕು ಹುಡುಕಿ. ಬಾವಿಯ ಸುತ್ತ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಒದ್ದೆ ಮಣ್ಣು ಮೆತ್ತಿ ಮತ್ತೆ ಅಳೆಯಿರಿ. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿದ್ದರೆ ಇನ್ನೊಂದು ಮಾತು. ನಾಲೆಗೆ ನೀರು ಬಿಟ್ಟು ಗದ್ದೆ ತುಂಬಿದಾಗ ಅಂತರ್ಜಲ ಮೇಲೇರುತ್ತದೆ. ಅದರ ಮೇಲೆ ನಿಮ್ಮ ವ್ಯಾಕ್ಯೂಮ್ ಕೂಡ ಬಾವಿಯೊಳಗಿನ ನೀರನ್ನು ಎಳೆಯುತ್ತದೆ. 500 ಮಿ.ಮೀ ನೀರಿನಷ್ಟು ವ್ಯಾಕ್ಯೂಮ್ ಕೊಟ್ಟರೆ ಬಾವಿಯಲ್ಲಿ ನೀರು ಸುಮಾರು ಅರ್ಧ ಮೀಟರ್ ಮೇಲೆ ಬರುತ್ತದೆ. ಬಾವಿಯ ಜಾಲರಿ ಅರ್ಧ ಮುಳುಗಿದರೆ ಗಾಳಿ ಬರುವ ದಾರಿಯೇ ಅರ್ಧ ಆಗುತ್ತದೆ. ಅದಕ್ಕೆ ಹರಿವಿನ ಜೊತೆ ನೀರಿನ ಮಟ್ಟವನ್ನೂ ಪ್ರತಿ ಸಲ ಬರೆಯಿರಿ.

ಅಳೆಯುವ ಜಾಗ ಗುರುತು ಮಾಡುವುದು

ಸಾಮಾನ್ಯವಾಗಿ ಸಾಲು ಹೀಗಿರುತ್ತದೆ: ಬಾವಿಗಳು, ಪ್ರತಿ ಬಾವಿಗೆ ಒಂದು ವಾಲ್ವ್, ಎಲ್ಲ ಸೇರುವ ಹೆಡರ್ ಪೈಪ್, ನೀರು ಬೇರೆ ಮಾಡುವ ಡ್ರಮ್, ಫಿಲ್ಟರ್, ಹೊರಗಾಳಿ ಸೇರಿಸುವ ವಾಲ್ವ್, ಬ್ಲೋವರ್, ಕೊನೆಗೆ ಆವಿ ಹಿಡಿದಿಡುವ ಇದ್ದಿಲಿನ ಡ್ರಮ್‌ಗಳು ಅಥವಾ ಆವಿ ಸುಡುವ ಯಂತ್ರ.

ಕನಿಷ್ಠ ಮೂರು ಕಡೆ ಅಳೆಯುವ ತೂತು ಬೇಕು. ಪ್ರತಿ ಬಾವಿಯ ಪೈಪಿನಲ್ಲಿ ಒಂದು, ಹೊರಗಾಳಿ ಸೇರಿದ ಮೇಲೆ ಬ್ಲೋವರಿಗೆ ಮುಂಚೆ ಒಂದು, ಬ್ಲೋವರ್ ದಾಟಿದ ಮೇಲೆ ಇದ್ದಿಲಿಗೆ ಮುಂಚೆ ಒಂದು. ಇದ್ದಿಲಿನ ನಡುವಿನ ಮತ್ತು ಕೊನೆಯ ತೂತುಗಳು ಬೇರೆ.

ಗಾಳಿ ಅಳೆಯುವ ಕಡೆ ಪೈಪ್ ನೇರ ಇರಲೇಬೇಕು. ಎಲ್ಬೋ, ವಾಲ್ವ್ ದಾಟಿದ ಕೂಡಲೇ ಗಾಳಿ ಸುಳಿ ಸುತ್ತುತ್ತಿರುತ್ತದೆ. ಮುಂಚೆ ಪೈಪಿನ ಒಳ ಅಗಲದ 10 ಪಟ್ಟು, ನಂತರ 5 ಪಟ್ಟು ನೇರ ಪೈಪ್ ಬಿಡಿ. 50 ಮಿ.ಮೀ ಪೈಪಿಗೆ ಅದು 50 ಸೆಂ.ಮೀ ಮತ್ತು 25 ಸೆಂ.ಮೀ. ಫಿಟ್ಟರ್‌ಗೆ ಕೆಲಸ ಶುರುವಾಗುವ ಮುಂಚೆಯೇ ಹೇಳಿ, ಆಮೇಲೆ ಕತ್ತರಿಸಿ ಅಂಟಿಸುವುದು ಎಲ್ಲರಿಗೂ ತಲೆನೋವು. ಪೈಪಿನ ಒಳ ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಅಂಗಡಿಯವರು ಹೇಳುವ ಎರಡು ಇಂಚು ಬರೀ ಹೆಸರು. ಅಗಲದಲ್ಲಿ 2 ಮಿ.ಮೀ ತಪ್ಪಾದರೆ 50 ಮಿ.ಮೀ ಪೈಪಿನಲ್ಲಿ ಹರಿವು ಸುಮಾರು ಶೇ 8 ತಪ್ಪುತ್ತದೆ.

ಗಾಳಿಯ ಹರಿವು: ಪಿಟಾಟ್ ಟ್ಯೂಬ್ ಹಿಡಿಯುವ ಕ್ರಮ

ಗಾಳಿ ಅಳೆಯಲು ಹಲವು ಸಾಧನಗಳಿವೆ. ನನಗೆ ನಂಬಿಕೆ ಇರುವುದು ಪಿಟಾಟ್ ಟ್ಯೂಬಿನಲ್ಲಿ, ಅಂದರೆ ಗಾಳಿಗೆ ಎದುರಾಗಿ ಹಿಡಿದು ಅದರ ವೇಗದ ಒತ್ತಡ ಅಳೆಯುವ ಸಣ್ಣ ಕೊಳವೆಯಲ್ಲಿ. ಅದರಲ್ಲಿ ಕರೆಂಟ್ ಇಲ್ಲ, ಕಿಡಿ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ. ಗಾಳಿಯ ವೇಗ ತೋರಿಸುವ ಬಿಸಿ ತಂತಿಯ ಅನಿಮೋಮೀಟರ್ ಬಳಸಲು ಸುಲಭ ನಿಜ. ಆದರೆ ಪೆಟ್ರೋಲ್ ಆವಿಯೊಳಗೆ ಬಿಸಿ ತಂತಿ ತೂರಿಸುತ್ತಿದ್ದೀರಿ ಅನ್ನೋದು ನೆನಪಿರಲಿ. ಸ್ಫೋಟದ ಅಪಾಯವಿರುವ ಜಾಗಕ್ಕೆ ಪ್ರಮಾಣೀಕರಿಸಿದ ಮೀಟರ್ ಅಲ್ಲದಿದ್ದರೆ ಮುಟ್ಟಬೇಡಿ.

ಮೊದಲು ಮ್ಯಾನೋಮೀಟರ್, ಅಂದರೆ ಟ್ಯೂಬಿಗೆ ಜೋಡಿಸಿದ ಒತ್ತಡದ ಮಾಪಕ, ಸೊನ್ನೆ ತೋರಿಸುತ್ತಿದೆಯೇ ನೋಡಿ. ಎರಡು ರಬ್ಬರ್ ನಳಿಕೆಗಳ ಒಳಗೆ ನೀರಿನ ಹನಿ ಇರಬಾರದು. ನೆಲದ ಗಾಳಿ ತೇವ ಇರುತ್ತದೆ, ಬೆಳಗಿನ ತಂಪಿಗೆ ನಳಿಕೆಯಲ್ಲಿ ಹನಿಗಟ್ಟುತ್ತದೆ. ಒಂದೇ ಒಂದು ಹನಿ ಸಾಕು, ರೀಡಿಂಗ್ ಪೂರ್ತಿ ಹಾದಿ ತಪ್ಪುತ್ತದೆ. ಬಾಯಿಂದ ಊದಬೇಡಿ, ಉಸಿರಿನ ತೇವ ಸೇರುತ್ತದೆ. ಸಣ್ಣ ರಬ್ಬರ್ ಬಲ್ಬ್‌ನಿಂದ ಊದಿ ಒಣಗಿಸಿ.

ಟ್ಯೂಬಿನ ಮೂತಿ ಪೈಪಿನ ನಡುಮಧ್ಯಕ್ಕೆ ಬರುವಂತೆ ತೂರಿಸಿ. ತೂತಿನ ಸುತ್ತ ರಬ್ಬರ್ ಗ್ರಾಮೆಟ್ ಬಿಗಿಯಾಗಿರಲಿ. ವ್ಯಾಕ್ಯೂಮ್ ಇರುವ ಪೈಪಿನಲ್ಲಿ ಸಣ್ಣ ಸಂದು ಸಿಕ್ಕರೂ ಹೊರಗಾಳಿ ನುಗ್ಗುತ್ತದೆ, ಶಿಳ್ಳೆಯಂಥ ಸದ್ದು ಕೇಳಿಸುತ್ತದೆ. ಮೂತಿ ಗಾಳಿ ಬರುವ ದಿಕ್ಕಿಗೆ ಇರಲಿ. ನಿಧಾನಕ್ಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ರೀಡಿಂಗ್ ಎಲ್ಲಿ ಹೆಚ್ಚು ಬರುತ್ತದೋ ಅಲ್ಲಿ ನಿಲ್ಲಿಸಿ. ಅರ್ಧ ನಿಮಿಷ ಕಾದು ಓದಿ. ಮೂರು ಸಲ ಹೀಗೆ ಮಾಡಿ.

ಪೈಪಿನ ನಡುವೆ ಗಾಳಿ ಜೋರು, ಗೋಡೆಯ ಹತ್ತಿರ ನಿಧಾನ. ಅದಕ್ಕೆ ನಡುವಿನ ವೇಗವನ್ನು ಹಾಗೇ ತೆಗೆದುಕೊಳ್ಳುವಂತಿಲ್ಲ. ಎಷ್ಟೋ ಜನ ಸುಮ್ನೆ 0.9ರಿಂದ ಗುಣಿಸಿಬಿಡುತ್ತಾರೆ. ಉದ್ದದ ನೇರ ಪೈಪಿನಲ್ಲಿ ಇದು 0.82ರವರೆಗೂ ಇಳಿಯಬಹುದು. ಒಂದು ದಿನ ಪುರುಸೊತ್ತು ಮಾಡಿಕೊಂಡು ಪೈಪಿನ ಅಡ್ಡಕ್ಕೆ ಹಲವು ಕಡೆ ಅಳೆದು, ನಿಮ್ಮ ಪೈಪಿನದೇ ಗುಣಕ ಕಂಡುಕೊಳ್ಳಿ. ಸರಾಸರಿ ತೆಗೆಯುವಾಗ ಒತ್ತಡಗಳ ಸರಾಸರಿ ತೆಗೆಯಬೇಡಿ. ಪ್ರತಿ ಒತ್ತಡವನ್ನೂ ವೇಗಕ್ಕೆ ಬದಲಿಸಿ, ಆಮೇಲೆ ವೇಗಗಳ ಸರಾಸರಿ ತೆಗೆಯಿರಿ.

ಈಗ ಒಂದು ಲೆಕ್ಕ ಪೂರ್ತಿ ಮಾಡೋಣ. ಪೈಪಿನ ಒಳ ಅಗಲ 50 ಮಿ.ಮೀ. ಪಿಟಾಟ್ ತೋರಿಸಿದ್ದು 12 ಮಿ.ಮೀ ನೀರು, ಅಂದರೆ ಸುಮಾರು 118 ಪಾಸ್ಕಲ್. ಪೈಪಿನೊಳಗಿನ ವ್ಯಾಕ್ಯೂಮ್ 500 ಮಿ.ಮೀ ನೀರು, ಅಂದರೆ 4.9 ಕಿಲೋಪಾಸ್ಕಲ್. ಗಾಳಿಯ ಬಿಸಿ 30 ಡಿಗ್ರಿ.

ವೇಗ ಸಿಗಬೇಕಾದರೆ ಗಾಳಿಯ ಸಾಂದ್ರತೆ (ಒಂದು ಘನ ಮೀಟರ್ ಗಾಳಿಯ ತೂಕ) ಬೇಕು, ಸಾಂದ್ರತೆಗೆ ಪೈಪಿನೊಳಗಿನ ನಿಜವಾದ ಒತ್ತಡ ಬೇಕು. ಇಲ್ಲೇ ನಮ್ಮ ಊರಿನ ಎತ್ತರ ಲೆಕ್ಕಕ್ಕೆ ಬರುತ್ತದೆ. ದಾವಣಗೆರೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ, ಚಿತ್ರದುರ್ಗ ಸುಮಾರು 730 ಮೀಟರ್. ಸಮುದ್ರದ ಪಕ್ಕ ಗಾಳಿಯ ಒತ್ತಡ 101.3 ಕಿಲೋಪಾಸ್ಕಲ್ ಇದ್ದರೆ ದಾವಣಗೆರೆಯಲ್ಲಿ ಸುಮಾರು 94.3, ದುರ್ಗದಲ್ಲಿ ಸುಮಾರು 92.8. ಮೊಬೈಲಿನ ಹವಾಮಾನ ಆ್ಯಪ್ ನೋಡಿ ಬರೆಯಬೇಡಿ. ಅದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ ತೋರಿಸುತ್ತದೆ. ಸೈಟಿನಲ್ಲೇ ಒಂದು ಬ್ಯಾರೋಮೀಟರ್ ಇಟ್ಟುಕೊಳ್ಳಿ.

94.3ರಲ್ಲಿ 4.9 ಕಳೆದರೆ 89.4 ಕಿಲೋಪಾಸ್ಕಲ್. ಇದನ್ನು ಪಾಸ್ಕಲ್‌ಗೆ ತಂದು, 287 ಮತ್ತು 303 ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಸಾಂದ್ರತೆ ಘನ ಮೀಟರಿಗೆ 1.03 ಕಿಲೋ. 287 ಗಾಳಿಯ ಸ್ಥಿರಾಂಕ, 303 ಅಂದರೆ 30 ಡಿಗ್ರಿಗೆ 273 ಸೇರಿಸಿದ್ದು. ಪಿಟಾಟ್ ತೋರಿಸಿದ ಒತ್ತಡದ ವ್ಯತ್ಯಾಸದ ಎರಡು ಪಟ್ಟನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ನಡುವಿನ ವೇಗ ಸೆಕೆಂಡಿಗೆ 15.1 ಮೀಟರ್. ಪೈಪಿನ ಗುಣಕ 0.85 ಅಂತ ಅಳೆದು ಕಂಡುಕೊಂಡಿದ್ದರೆ ಸರಾಸರಿ ವೇಗ ಸುಮಾರು 12.9. ಪೈಪಿನ ಅಡ್ಡಕೊಯ್ತ 0.00196 ಚದರ ಮೀಟರ್. ಗುಣಿಸಿ, ಗಂಟೆಗೆ ತಂದರೆ ಸುಮಾರು 91 ಘನ ಮೀಟರ್.

ಇದು ಪೈಪಿನೊಳಗಿನ, ತೆಳುವಾದ ಗಾಳಿಯ ಲೆಕ್ಕ. ಇದನ್ನು 25 ಡಿಗ್ರಿ, 101.3 ಕಿಲೋಪಾಸ್ಕಲ್‌ಗೆ ತರಬೇಕು. 89.4 ÷ 101.3, ಅದಕ್ಕೆ ಗುಣಿಸು 298 ÷ 303. ಬರುವುದು 0.868. ಹಾಗಾಗಿ ಪ್ರಮಾಣಿತ ಹರಿವು ಗಂಟೆಗೆ ಸುಮಾರು 79 ಘನ ಮೀಟರ್. 91 ಎಲ್ಲಿ, 79 ಎಲ್ಲಿ! ಈ ಒಂದು ಹೆಜ್ಜೆ ಬಿಟ್ಟರೆ ತೆಗೆದ ಪೆಟ್ರೋಲಿನ ಲೆಕ್ಕ ಶೇ 15ರಷ್ಟು ಉಬ್ಬುತ್ತದೆ.

ರೋಟಾಮೀಟರ್ (ಗಾಳಿಗೆ ತೇಲು ಮೇಲೇರಿ ಹರಿವು ತೋರಿಸುವ ಗೆರೆ ಹಾಕಿದ ನಳಿಕೆ) ಇದ್ದರೂ ತಿದ್ದುಪಡಿ ತಪ್ಪಿದ್ದಲ್ಲ, ಆದರೆ ಅದರ ಲೆಕ್ಕ ಬೇರೆ. ಅದರ ಗೆರೆಗಳನ್ನು ಪ್ರಮಾಣಿತ ಗಾಳಿಗೆ ಹಾಕಿರುತ್ತಾರೆ. ಅಲ್ಲಿ 0.868ರ ವರ್ಗಮೂಲ, ಅಂದರೆ 0.93ರಿಂದ ಗುಣಿಸಬೇಕು. ಬಿಸಿ ತಂತಿಯ ಮೀಟರ್ ಸಾಮಾನ್ಯವಾಗಿ ಪ್ರಮಾಣಿತ ವೇಗವನ್ನೇ ತೋರಿಸುತ್ತದೆ. ಅದಕ್ಕೆ ಇನ್ನೊಮ್ಮೆ ತಿದ್ದುಪಡಿ ಹಾಕಿದರೆ ಲೆಕ್ಕ ಕೆಳಗೆ ಬೀಳುತ್ತದೆ. ಮೀಟರಿನ ಪುಸ್ತಕದಲ್ಲಿ ಪ್ರಮಾಣಿತ ಅಂದರೆ ಎಷ್ಟು ಡಿಗ್ರಿ ಅಂತ ಬರೆದಿದೆ ನೋಡಿ. ಕೆಲವರಿಗೆ 0, ಕೆಲವರಿಗೆ 20, ಕೆಲವರಿಗೆ 25.

ಒಂಟಿ ಬಾವಿಯ ಹರಿವು ಕಡಿಮೆ ಇದ್ದರೆ ಪಿಟಾಟ್ ಕೈ ಕೊಡುತ್ತದೆ. ಗಂಟೆಗೆ 10 ಘನ ಮೀಟರ್ ಗಾಳಿ 50 ಮಿ.ಮೀ ಪೈಪಿನಲ್ಲಿ ಹೋದರೆ ಒತ್ತಡದ ವ್ಯತ್ಯಾಸ ಬರೀ 1 ಪಾಸ್ಕಲ್. ಅದನ್ನು ಯಾರ ಕಣ್ಣೂ ಓದಲಾರದು. ಆ ಜಾಗದಲ್ಲಿ 25 ಮಿ.ಮೀ ಪೈಪಿನ ತುಂಡು ಹಾಕಿದರೆ ವೇಗ ನಾಲ್ಕು ಪಟ್ಟು, ಒತ್ತಡ 16 ಪಟ್ಟು ಆಗುತ್ತದೆ. ಆಗಲೂ ಓರೆ ಮ್ಯಾನೋಮೀಟರ್ ಬೇಕು. ಇಲ್ಲವೇ ಬಾವಿಗೊಂದು ರೋಟಾಮೀಟರ್ ಹಾಕಿಬಿಡಿ.

ಕೊನೆಯ ತಪಾಸಣೆ ಒಂದಿದೆ, ನಾನು ಎಂದೂ ಬಿಡುವುದಿಲ್ಲ. ಎಲ್ಲ ಬಾವಿಗಳ ಪ್ರಮಾಣಿತ ಹರಿವು ಕೂಡಿಸಿ, ಹೊರಗಾಳಿ ವಾಲ್ವಿನದನ್ನೂ ಸೇರಿಸಿ, ಬ್ಲೋವರಿಗೆ ಮುಂಚಿನ ಹರಿವಿಗೆ ಹೋಲಿಸಿ. ಬ್ಲೋವರಿಗೆ ಮುಂಚೆ ಅಳೆದದ್ದು ಜಾಸ್ತಿ ಬಂದರೆ ನಡುವೆ ಎಲ್ಲೋ ಸೋರಿಕೆ ಇದೆ. ವ್ಯಾಕ್ಯೂಮ್ ಇರುವಾಗ ಸಾಬೂನು ನೀರಿನ ಗುಳ್ಳೆ ಏಳುವುದಿಲ್ಲ, ಒಳಗೆ ಹೀರಿಕೊಂಡುಬಿಡುತ್ತದೆ. ಬ್ಲೋವರ್ ನಿಲ್ಲಿಸಿ, ಪೈಪಿಗೆ ಸಣ್ಣ ಒತ್ತಡ ಕೊಟ್ಟು ಆಮೇಲೆ ಸಾಬೂನು ನೀರು ಹಚ್ಚಿ.

ಸ್ಯಾಂಪಲ್ ಹಿಡಿಯುವುದು

ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಆವಿ ಅನ್ನುವ ಅನುಪಾತ. ಗಾಳಿ ತೆಳುವಾದರೂ ದಟ್ಟವಾದರೂ ಅನುಪಾತ ಬದಲಾಗುವುದಿಲ್ಲ. ಅದಕ್ಕೆ ಹರಿವನ್ನು ಬ್ಲೋವರಿಗೆ ಮುಂಚೆ ಅಳೆದು, ಸ್ಯಾಂಪಲನ್ನು ಬ್ಲೋವರ್ ದಾಟಿದ ಮೇಲೆ ತೆಗೆಯಬಹುದು. ಅಲ್ಲಿ ಗಾಳಿ ತಾನಾಗೇ ಹೊರಗೆ ತಳ್ಳುತ್ತದೆ, ಚೀಲ ತುಂಬುವುದು ಸುಲಭ. ಎರಡು ಜಾಗದ ನಡುವೆ ಹೊಸ ಗಾಳಿ ಸೇರಬಾರದು, ಅಷ್ಟೇ.

ಬಾವಿಯ ಬಾಯಲ್ಲಿ ಹಾಗಲ್ಲ. ಅಲ್ಲಿ ವ್ಯಾಕ್ಯೂಮ್ ಇರುತ್ತದೆ, ನೀವು ವಾಲ್ವ್ ತೆಗೆದರೆ ಹೊರಗಾಳಿ ಒಳಗೆ ಹೋಗುತ್ತದೆ. ಮುಚ್ಚಿದ ಗಟ್ಟಿ ಡಬ್ಬಿಯೊಳಗೆ ಟೆಡ್ಲಾರ್ ಚೀಲ (ಅನಿಲದ ಸ್ಯಾಂಪಲ್ ಹಿಡಿಯುವ ಪ್ಲಾಸ್ಟಿಕ್ ಚೀಲ) ಇಡಿ. ಚೀಲದ ನಳಿಕೆ ಬಾವಿಗೆ ಜೋಡಿಸಿ, ಡಬ್ಬಿಯೊಳಗಿನ ಗಾಳಿಯನ್ನು ಪಂಪಿನಿಂದ ಎಳೆಯಿರಿ. ಚೀಲ ತಾನೇ ಉಬ್ಬಿಕೊಂಡು ಬಾವಿಯ ಗಾಳಿ ತುಂಬಿಕೊಳ್ಳುತ್ತದೆ. ಡಬ್ಬಿಯ ವ್ಯಾಕ್ಯೂಮ್ ಬಾವಿಯದ್ದಕ್ಕಿಂತ ಜಾಸ್ತಿ ಇರಬೇಕು. ಮೊದಲ ಸಲ ತುಂಬಿದ್ದನ್ನು ಚೆಲ್ಲಿ, ಎರಡನೇ ಸಲ ತುಂಬಿದ್ದನ್ನು ಇಟ್ಟುಕೊಳ್ಳಿ. ಚೀಲ ಬಿಗಿಯಾಗಿ ಉಬ್ಬುವಷ್ಟು ತುಂಬಬೇಡಿ, ಮುಕ್ಕಾಲು ಸಾಕು.

ಚೀಲದ ಮೇಲೆ ಸಮಯ, ಜಾಗ, ಆ ಹೊತ್ತಿನ ವ್ಯಾಕ್ಯೂಮ್, ಯಾವ ಯಾವ ವಾಲ್ವ್ ಎಷ್ಟು ತೆರೆದಿತ್ತು, ಎಲ್ಲ ಬರೆಯಿರಿ. ಬಿಸಿಲಿಗೆ ಇಡಬೇಡಿ, ಐಸ್ ಮೇಲೂ ಇಡಬೇಡಿ. ತಂಪಾದರೆ ಒಳಗೆ ಹನಿಗಟ್ಟಿ ಪೆಟ್ರೋಲ್ ಆ ಹನಿಗೆ, ಚೀಲದ ಗೋಡೆಗೆ ಅಂಟಿಕೊಳ್ಳುತ್ತದೆ. ಕಪ್ಪು ಬಟ್ಟೆ ಮುಚ್ಚಿದ ಪೆಟ್ಟಿಗೆ ಒಳ್ಳೆಯದು. ಎರಡು ದಿನದೊಳಗೆ ಲ್ಯಾಬ್ ಮುಟ್ಟಿಸಿ. ಬೆಳಿಗ್ಗೆ ತೆಗೆದರೆ ಸಂಜೆಗೆ ಬೆಂಗಳೂರು ತಲುಪಿಸಬಹುದು, ತಡ ಮಾಡಲು ಕಾರಣವೇ ಇಲ್ಲ.

ಮೀಟರ್ ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವುದು

ಸೈಟಿನಲ್ಲಿ ಎಲ್ಲರ ಕೈಯಲ್ಲೂ ಇರುವುದು ಪಿಐಡಿ ಮೀಟರ್, ಅಂದರೆ ದೀಪದ ಬೆಳಕಿನಿಂದ ಆವಿ ಗುರುತಿಸುವ ಮೀಟರ್. ಒಳಗಿನ ದೀಪ 10.6 ಎಲೆಕ್ಟ್ರಾನ್ ವೋಲ್ಟಿನದು. ಐಸೋಬ್ಯುಟಿಲೀನ್ ಅನಿಲ ಕೊಟ್ಟು ಅದನ್ನು ಸರಿಹೊಂದಿಸುತ್ತಾರೆ. ಹಾಗಾಗಿ ಅದು ತೋರಿಸುವ 500 ಅಂದರೆ ಐಸೋಬ್ಯುಟಿಲೀನ್ ಲೆಕ್ಕದ 500, ಪೆಟ್ರೋಲಿನ 500 ಅಲ್ಲ. ಬೆಂಜೀನ್ ಆಗಿದ್ದರೆ 0.5ರಿಂದ ಗುಣಿಸಬೇಕು, ಹೆಕ್ಸೇನ್ ಆಗಿದ್ದರೆ 4.3ರಿಂದ. ಪೆಟ್ರೋಲ್ ಆವಿ ನೂರಾರು ವಸ್ತುಗಳ ಮಿಶ್ರಣ. ಹಗುರವಾದವು ಮೊದಲು ಹೊರಟುಹೋಗಿ ಭಾರದವು ಉಳಿಯುವುದರಿಂದ ಆ ಗುಣಕ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಈಗಿನ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇರುತ್ತದಲ್ವಾ? 10.6ರ ದೀಪಕ್ಕೆ ಎಥನಾಲ್ ಸರಿಯಾಗಿ ಕಾಣಿಸುವುದೇ ಇಲ್ಲ, ಅದರ ಗುಣಕ ಸುಮಾರು 10. ಅದಲ್ಲದೆ ಎಥನಾಲ್ ಆವಿಯಾಗುವುದಕ್ಕಿಂತ ಮಣ್ಣಿನ ತೇವದಲ್ಲಿ ಕರಗುವುದೇ ಹೆಚ್ಚು. ಗಾಳಿ ಸಿಗದ ಕಡೆ ಸೂಕ್ಷ್ಮಜೀವಿಗಳು ಅದನ್ನು ಮೀಥೇನ್ ಮಾಡುತ್ತವೆ. ಮೀಥೇನನ್ನು ಪಿಐಡಿ ನೋಡುವುದಿಲ್ಲ, ಮೇಲಾಗಿ ಮೀಥೇನ್ ಜಾಸ್ತಿ ಇದ್ದರೆ ಬೇರೆಯವನ್ನೂ ಕಡಿಮೆ ತೋರಿಸುತ್ತದೆ. ಸಣ್ಣ ಜ್ವಾಲೆಯಲ್ಲಿ ಸುಟ್ಟು ಅಳೆಯುವ ಎಫ್‌ಐಡಿ ಮೀಟರ್ ಮೀಥೇನನ್ನೂ ಹೈಡ್ರೋಕಾರ್ಬನ್ ಅಂತಲೇ ಎಣಿಸುತ್ತದೆ. ಬೇರೆ ಮಾಡುವ ಉಪಾಯ ಸರಳ. ಎಫ್‌ಐಡಿ ಬಾಯಿಗೆ ಇದ್ದಿಲಿನ ಸಣ್ಣ ನಳಿಕೆ ಜೋಡಿಸಿ ಇನ್ನೊಮ್ಮೆ ಓದಿ. ಪೆಟ್ರೋಲ್ ಆವಿ ಇದ್ದಿಲಿನಲ್ಲಿ ಉಳಿಯುತ್ತದೆ, ಮೀಥೇನ್ ದಾಟಿ ಹೋಗುತ್ತದೆ. ಮೊದಲ ರೀಡಿಂಗಿನಲ್ಲಿ ಇದನ್ನು ಕಳೆಯಿರಿ.

ತೇವವೂ ಪಿಐಡಿಯನ್ನು ಮೋಸಗೊಳಿಸುತ್ತದೆ. ರೀಡಿಂಗ್ ಕಡಿಮೆ ಬರುತ್ತದೆ. ದೀಪದ ಮೇಲೆ ಹನಿ ಕೂತರೆ ಸಂಖ್ಯೆ ಸುಮ್ನೆ ಮೇಲೇರುತ್ತಾ ಹೋಗುತ್ತದೆ. ಕೆಲವು ಸಾವಿರ ಪಿಪಿಎಂ ದಾಟಿದರೆ ಅದರ ಮಾತು ನಂಬುವಂತಿಲ್ಲ. ಒಂದು ಪಾಲು ಸ್ಯಾಂಪಲಿಗೆ ಒಂಬತ್ತು ಪಾಲು ಶುದ್ಧ ಗಾಳಿ ಸೇರಿಸಿ, ಓದಿ, 10ರಿಂದ ಗುಣಿಸಿ.

ನನ್ನ ಪದ್ಧತಿ ಇದು: ದಿನನಿತ್ಯ ಪಿಐಡಿ, ತಿಂಗಳಿಗೊಮ್ಮೆ ಅದೇ ಹೊತ್ತಿನ ಚೀಲ ಲ್ಯಾಬಿಗೆ. ಲ್ಯಾಬಿನ ಸಂಖ್ಯೆಯನ್ನು ಪಿಐಡಿ ಸಂಖ್ಯೆಯಿಂದ ಭಾಗಿಸಿದರೆ ಆ ತಿಂಗಳ ಗುಣಕ ಸಿಗುತ್ತದೆ. ಲ್ಯಾಬ್ ವರದಿ ಬಂದಾಗ ಒಂದು ಪದ ಹುಡುಕಿ: ಹೆಕ್ಸೇನ್ ಲೆಕ್ಕದಲ್ಲೋ, ಮೀಥೇನ್ ಲೆಕ್ಕದಲ್ಲೋ? ಮೀಥೇನ್ ಲೆಕ್ಕದ 9,000 ಪಿಪಿಎಂ ಅಂದರೆ ಹೆಕ್ಸೇನ್ ಲೆಕ್ಕದಲ್ಲಿ 1,500. ಆರು ಪಟ್ಟಿನ ಅಂತರ.

ಶುರುವಿನ ದಿನಗಳಲ್ಲಿ ಇನ್ನೊಂದು ಮೀಟರ್ ಕಡ್ಡಾಯ. ಪೆಟ್ರೋಲ್ ಆವಿ ಗಾಳಿಯಲ್ಲಿ ಶೇ 1.4 ದಾಟಿದರೆ, ಅಂದರೆ 14,000 ಪಿಪಿಎಂ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಹೊರಗಾಳಿ ವಾಲ್ವ್ ಇರುವುದೇ ಅದಕ್ಕೆ, ಬ್ಲೋವರಿಗೆ ಹೋಗುವ ಗಾಳಿಯನ್ನು ಈ ಮಿತಿಯ ಕಾಲು ಭಾಗಕ್ಕಿಂತ ಕೆಳಗೆ ಇಡಲು. ಈ ಮಿತಿ ತೋರಿಸುವ ಮಾಮೂಲಿ ಮೀಟರಿಗೆ ಆಮ್ಲಜನಕ ಬೇಕು. ಬಾವಿಯ ಗಾಳಿಯಲ್ಲಿ ಆಮ್ಲಜನಕ ಕಡಿಮೆ ಇದ್ದರೆ ಅಪಾಯ ಇದ್ದರೂ ಕಡಿಮೆ ತೋರಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿ. ಸ್ಯಾಂಪಲ್ ತೆಗೆಯುವಾಗ ಗಾಳಿ ನಿಮ್ಮ ಬೆನ್ನಿಗೆ ಬೀಸುವಂತೆ ನಿಲ್ಲಿ. ಪೆಟ್ರೋಲಿನಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ಇದೆ, ಮೂಗಿನಿಂದ ಪರೀಕ್ಷೆ ಮಾಡುವ ಅಭ್ಯಾಸ ಇದ್ದರೆ ದಯವಿಟ್ಟು ಇವತ್ತೇ ಬಿಡಿ.

ಕಿಲೋಗ್ರಾಂಗೆ ತರುವುದು

ಪಿಪಿಎಂ ಸಂಖ್ಯೆಯನ್ನು ಅಣುತೂಕದಿಂದ ಗುಣಿಸಿ 24.45ರಿಂದ ಭಾಗಿಸಿ. 25 ಡಿಗ್ರಿ ಪ್ರಮಾಣಿತಕ್ಕೆ 24.45. ನೀವು 20 ಡಿಗ್ರಿ ಹಿಡಿದಿದ್ದರೆ 24.04. ಹರಿವಿಗೆ ಒಂದು, ಸಾಂದ್ರತೆಗೆ ಇನ್ನೊಂದು ಹಿಡಿಯಬೇಡಿ.

ಲ್ಯಾಬ್ ಹೆಕ್ಸೇನ್ ಲೆಕ್ಕದಲ್ಲಿ 1,500 ಪಿಪಿಎಂ ಅಂತ ಹೇಳಿತು ಅಂತಿಟ್ಟುಕೊಳ್ಳಿ. ಹೆಕ್ಸೇನ್ ಅಣುತೂಕ 86. ಘನ ಮೀಟರಿಗೆ 5,276 ಮಿಲಿಗ್ರಾಂ, ಅಂದರೆ 5.28 ಗ್ರಾಂ. ಇದನ್ನು 79ರಿಂದ ಗುಣಿಸಿದರೆ ಗಂಟೆಗೆ 417 ಗ್ರಾಂ, ದಿನಕ್ಕೆ 10 ಕಿಲೋ. ಬಂಕಿನವರಿಗೆ ಲೀಟರಿನಲ್ಲಿ ಹೇಳಬೇಕಾದರೆ 0.74ರಿಂದ ಭಾಗಿಸಿ, ಸುಮಾರು ಹದಿಮೂರೂವರೆ ಲೀಟರ್.

ಈಗ ನಾವೇ ಮಾಡಿದ ತಪ್ಪು ಹೇಳುತ್ತೇನೆ. ಆ ಸೈಟಿನಲ್ಲಿ ಬಾವಿಗಳಿಂದ ಬರುತ್ತಿದ್ದದ್ದು ಗಂಟೆಗೆ 40 ಘನ ಮೀಟರ್, ಹೊರಗಾಳಿ ವಾಲ್ವಿನಿಂದ 56, ಒಟ್ಟು 96. ಸ್ಯಾಂಪಲನ್ನು ಬಾವಿ ಕಡೆ ತೆಗೆಯುತ್ತಿದ್ದೆವು, 3,600 ಪಿಪಿಎಂ. ಹರಿವನ್ನು ಹೊರಗಾಳಿ ಸೇರಿದ ಮೇಲೆ, ಬ್ಲೋವರಿಗೆ ಮುಂಚೆ ಅಳೆಯುತ್ತಿದ್ದೆವು. 3,600ನ್ನು 96ಕ್ಕೆ ಗುಣಿಸಿ ಮೂರು ವಾರ ವರದಿ ಕೊಟ್ಟೆವು. ನಿಜವಾಗಿ 40ಕ್ಕೆ ಗುಣಿಸಬೇಕಿತ್ತು. ಇದ್ದದ್ದಕ್ಕಿಂತ 2.4 ಪಟ್ಟು ಹೆಚ್ಚು ಹೇಳಿದ್ದೆವು. ಬ್ಲೋವರ್ ದಾಟಿದ ಮೇಲೆ ಒಂದು ಚೀಲ ತೆಗೆದಾಗ 1,500 ಬಂತು, ಆಗ ಎಲ್ಲ ಬಿಚ್ಚಿಕೊಂಡಿತು. ಹಳೆಯ ವರದಿ ವಾಪಸ್ ತೆಗೆದುಕೊಂಡು, ತಿದ್ದಿ ಕೊಟ್ಟೆವು. ಅಂದಿನಿಂದ ರಿಜಿಸ್ಟರಿನಲ್ಲಿ ಹರಿವು ಎಲ್ಲಿಯದು, ಸ್ಯಾಂಪಲ್ ಎಲ್ಲಿಯದು ಅಂತ ಎರಡು ಕಾಲಂ ಬೇರೆ ಬೇರೆ ಇದೆ. ಎರಡೂ ಹೊಂದದಿದ್ದರೆ ಲೆಕ್ಕವೇ ಮಾಡುವುದಿಲ್ಲ.

ಒಟ್ಟು ಮೊತ್ತಕ್ಕೆ ಎರಡು ಅಳತೆಗಳ ಸರಾಸರಿಯನ್ನು ನಡುವೆ ಬ್ಲೋವರ್ ಓಡಿದ ಗಂಟೆಗಳಿಂದ ಗುಣಿಸಿ. ಕ್ಯಾಲೆಂಡರ್ ದಿನ ಬೇಡ. ಕರೆಂಟ್ ಹೋದ ಗಂಟೆಗಳು ಸೇರಿಬಿಡುತ್ತವೆ. ಬ್ಲೋವರಿಗೆ ಗಂಟೆ ಎಣಿಸುವ ಮೀಟರ್ ಹಾಕಿಸಿ. ಕರೆಂಟ್ ಬಂದು ಬ್ಲೋವರ್ ಮತ್ತೆ ಶುರುವಾದ ಕೂಡಲೇ ಸ್ಯಾಂಪಲ್ ಬೇಡ, ನಿಂತಿದ್ದ ಆವಿ ಒಟ್ಟಿಗೆ ಬಂದು ಸಂಖ್ಯೆ ಏರುತ್ತದೆ. ಮೊದಲ ದಿನ ಗಂಟೆಗೊಮ್ಮೆ, ಮೊದಲ ವಾರ ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಅಳೆದರೆ ಸಾಕು.

ಇದ್ದಿಲು ಮತ್ತು ಆಮ್ಲಜನಕ, ಎರಡು ಸಾಕ್ಷಿ

ನಿಮ್ಮ ಲೆಕ್ಕ ಸರಿಯೇ ಅಂತ ಇದ್ದಿಲಿನ ಡ್ರಮ್ ಹೇಳುತ್ತದೆ. ಸಕ್ರಿಯ ಇದ್ದಿಲು ತನ್ನ ತೂಕದ ಶೇ 10ರಿಂದ 20ರಷ್ಟು ಪೆಟ್ರೋಲ್ ಆವಿ ಹಿಡಿದಿಡುತ್ತದೆ. 200 ಕಿಲೋ ಡ್ರಮ್ ಶೇ 15ರಂತೆ 30 ಕಿಲೋ ಹಿಡಿದರೆ, ದಿನಕ್ಕೆ 10 ಕಿಲೋ ಲೆಕ್ಕದಲ್ಲಿ ಮೂರೇ ದಿನ. ಶುರುವಿನ ತಿಂಗಳುಗಳಲ್ಲಿ ಆವಿ ಸುಡುವ ಯಂತ್ರವೇ ಅಗ್ಗ ಆಗುವುದು ಇದರಿಂದ. ಎರಡು ಡ್ರಮ್ ಸಾಲಾಗಿ ಇಟ್ಟು ನಡುವೆ ಅಳೆಯಿರಿ. ನಡುವಿನ ಸಂಖ್ಯೆ ಏರಲು ಶುರುವಾದರೆ ಮೊದಲನೆಯದು ತುಂಬಿತು. ತೆಗೆದ ಡ್ರಮ್ಮನ್ನು ಮಂಡಿಯ ತೂಕದ ಯಂತ್ರದ ಮೇಲಿಟ್ಟು ನೋಡಿ. ತೇವವೂ ತೂಗುತ್ತದೆ, ನಿಜ. ಆದರೂ ನಿಮ್ಮ ಲೆಕ್ಕ 30 ಕಿಲೋ ಅಂದಾಗ ಡ್ರಮ್ 12 ಕಿಲೋ ಮಾತ್ರ ಏರಿದ್ದರೆ ಯೋಚಿಸಬೇಕಾದ ಮಾತು.

ಆಮ್ಲಜನಕದ ರೀಡಿಂಗ್ ಇನ್ನೊಂದು ಕಥೆ ಹೇಳುತ್ತದೆ. ಮಣ್ಣಿಗೆ ಹೊಸ ಗಾಳಿ ಸಿಕ್ಕಾಗ ಸೂಕ್ಷ್ಮಜೀವಿಗಳು ಪೆಟ್ರೋಲನ್ನು ಅಲ್ಲೇ ತಿನ್ನುತ್ತವೆ. ಅದು ಯಾವ ಚೀಲದಲ್ಲೂ ಸಿಗುವುದಿಲ್ಲ. 1 ಗ್ರಾಂ ಹೆಕ್ಸೇನನ್ನು ಹೀಗೆ ತಿಂದು ಮುಗಿಸಲು ಸುಮಾರು 3.5 ಗ್ರಾಂ ಆಮ್ಲಜನಕ ಬೇಕು. ಹೊರಬರುವ 79 ಘನ ಮೀಟರ್ ಗಾಳಿಯಲ್ಲಿ ಆಮ್ಲಜನಕ ಶೇ 1 ಕಡಿಮೆ ಇದ್ದರೆ ದಿನಕ್ಕೆ 7 ಕಿಲೋ ಹೀಗೆ ಹೋಗುತ್ತಿದೆ ಅಂತ ಲೆಕ್ಕ. ಪೆಟ್ರೋಲ್ ತಾಗದ ಮಣ್ಣಿನಲ್ಲಿ ಒಂದು ತನಿಖಾ ಕೊಳವೆ ಹಾಕಿ, ಅಲ್ಲಿ ಸಹಜವಾಗಿ ಖರ್ಚಾಗುವ ಆಮ್ಲಜನಕವನ್ನು ಮೊದಲು ಕಳೆಯಬೇಕು. ಇದನ್ನು ವರದಿಯಲ್ಲಿ ಬೇರೆ ಸಾಲಾಗಿ ತೋರಿಸಿ, ಹೊರಬಂದದ್ದರ ಜೊತೆ ಬೆರೆಸಬೇಡಿ.

ದೂರದ ಕೊಳವೆಗಳ ವ್ಯಾಕ್ಯೂಮ್

ಗಾಳಿ ಎಷ್ಟು ದೂರದಿಂದ ಬರುತ್ತಿದೆ ಅಂತ ತಿಳಿಯಲು ಸುತ್ತ ತನಿಖಾ ಕೊಳವೆ ಹಾಕಿ ವ್ಯಾಕ್ಯೂಮ್ ನೋಡುತ್ತಾರೆ. 2.5 ಮಿ.ಮೀ ನೀರಿನಷ್ಟು ಕಂಡರೆ ಅಲ್ಲಿವರೆಗೆ ತಲುಪಿತು ಅನ್ನುತ್ತಾರೆ. ನಮ್ಮ ಭಾಗದಲ್ಲಿ ಇಲ್ಲೊಂದು ಮೋಸ ಇದೆ. ಉಷ್ಣವಲಯದಲ್ಲಿ ಬೆಳಿಗ್ಗೆ 10ರ ಹೊತ್ತಿಗೆ ವಾತಾವರಣದ ಒತ್ತಡ ಹೆಚ್ಚು, ಸಂಜೆ 4ರ ಹೊತ್ತಿಗೆ ಕಡಿಮೆ. ಆ ಏರಿಳಿತವೇ ಸುಮಾರು 30 ಮಿ.ಮೀ ನೀರಿನಷ್ಟು. ಬಿಗಿಯಾದ ಎರೆಯ ಕೆಳಗಿನ ಗಾಳಿಗೆ ಅದು ತಡವಾಗಿ ತಿಳಿಯುತ್ತದೆ. ಬ್ಲೋವರ್ ನಿಂತಿದ್ದರೂ ಬೆಳಿಗ್ಗೆ ವ್ಯಾಕ್ಯೂಮ್ ಕಾಣಬಹುದು. ಅದಕ್ಕೆ ಬ್ಲೋವರ್ ಶುರು ಮಾಡುವ ಮುಂಚೆ ಎರಡು ಮೂರು ದಿನ ಅದೇ ಗಂಟೆಗಳಲ್ಲಿ ಓದಿ ಬರೆದಿಡಿ, ಆಮೇಲೆ ಅದನ್ನು ಕಳೆಯಿರಿ. ದುರ್ಗದ ಗಾಳಿಯಂತೂ ಗೊತ್ತಲ್ಲ, ಜೋಗಿಮಟ್ಟಿ ಗುಡ್ಡದ ಕಡೆಯಿಂದ ಬೀಸುವಾಗ ಗೇಜಿನ ಮುಳ್ಳು ನಿಲ್ಲುವುದೇ ಇಲ್ಲ. ಮುಂಜಾನೆ ಗಾಳಿ ಬಿದ್ದಾಗ ಅಳೆಯಿರಿ.

ಯಾವಾಗ ನಿಲ್ಲಿಸುವುದು

ತಿಂಗಳುಗಳು ಕಳೆದಂತೆ ಆವಿಯ ಸಾಂದ್ರತೆ ಇಳಿದು ಒಂದು ಮಟ್ಟದಲ್ಲಿ ಮಲಗಿಬಿಡುತ್ತದೆ. ಮಣ್ಣು ಸ್ವಚ್ಛ ಆದರೂ ಹೀಗೆ ಕಾಣುತ್ತದೆ. ಗಾಳಿ ಓಡುವ ದಾರಿ ಮಾತ್ರ ಸ್ವಚ್ಛವಾಗಿ, ಜೇಡಿಯೊಳಗೆ ಪೆಟ್ರೋಲ್ ಕೂತಿದ್ದರೂ ಹೀಗೇ ಕಾಣುತ್ತದೆ. ಬೇರೆ ಮಾಡಿ ತಿಳಿಯಲು ಬ್ಲೋವರ್ ನಿಲ್ಲಿಸಿ. ನಾಲ್ಕರಿಂದ ಎಂಟು ವಾರ ಬಿಡಿ. ನಡುನಡುವೆ ತನಿಖಾ ಕೊಳವೆಗಳಿಂದ ಸ್ಯಾಂಪಲ್ ತೆಗೆಯಿರಿ. ಆಮೇಲೆ ಹಳೆಯ ಹರಿವಿಗೇ ಮತ್ತೆ ಶುರು ಮಾಡಿ, ಮೊದಲ ಕೆಲವು ಗಂಟೆ ಮತ್ತು ಎರಡನೇ ದಿನ ಅಳೆಯಿರಿ. ನಿಲ್ಲಿಸುವ ಮುಂಚಿನ ಸಂಖ್ಯೆಯ ಪಕ್ಕದಲ್ಲೇ ಹೊಸದನ್ನು ಬರೆಯಿರಿ. ಹಲವು ಪಟ್ಟು ಏರಿದ್ದರೆ ಜೇಡಿಯಲ್ಲಿ ಇನ್ನೂ ಇದೆ. ಆಗ ದಿನವಿಡೀ ಓಡಿಸುವ ಬದಲು ವಾರ ಓಡಿಸಿ ವಾರ ಬಿಡುವುದು ಕರೆಂಟಿಗೂ ಒಳ್ಳೆಯದು. ಏರದಿದ್ದರೆ ಮಣ್ಣು ಕೊರೆದು ಸ್ಯಾಂಪಲ್ ತೆಗೆಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಪೂರ್ತಿ ರಿಜಿಸ್ಟರ್ ಸಮೇತ ಕೊಡಿ.

ಆ ಅಮ್ಮನಿಗೆ ನಾವು ಕಿಲೋ ಲೆಕ್ಕ ಹೇಳಲಿಲ್ಲ. ಮಣ್ಣಿನ ಆವಿ ತೆಗೆದ ಮಾತ್ರಕ್ಕೆ ಬೋರ್‌ವೆಲ್ ನೀರು ಸರಿಹೋಗುವುದಿಲ್ಲ, ಅದನ್ನು ಬೇರೆಯೇ ಪರೀಕ್ಷಿಸಬೇಕು. ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಮೂರು ತಿಂಗಳಿಗೊಮ್ಮೆ ಅವರ ಬೋರ್‌ವೆಲ್ ನೀರಿನ ವರದಿಯನ್ನು ಕನ್ನಡದಲ್ಲಿ ಬರೆದು, ಆ 10ರ ಪಕ್ಕದಲ್ಲಿ ಅವರ ನೀರಿನ ಸಂಖ್ಯೆ ಬರೆದು ಕೊಡುತ್ತಿದ್ದೆವು. ಅಲ್ಲಿವರೆಗೆ ಅವರ ಮನೆಗೆ ಟ್ಯಾಂಕರ್ ನೀರು ಬರುತ್ತಿತ್ತು.